ಲೆಕ್ಕ ಎಲ್ಲಿ ನಿಂತಿತು?

ಸಂಜೆ ಆರೂವರೆ ದಾಟುವಾಗ ಗೇಟಿನ ಚಿಲಕ ಸದ್ದಾದರೆ ನನಗೆ ಗೊತ್ತಾಗುತ್ತದೆ, ಯಾರೋ ನೋಟ್‌ಬುಕ್ ಎದೆಗವಚಿಕೊಂಡು ನಿಂತಿದ್ದಾರೆ ಎಂದು. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾಗಿ ವರ್ಷಗಳಾದವು. ತುಮಕೂರಿನ ನಮ್ಮ ಬೀದಿಯ ಮಕ್ಕಳಿಗೆ ಮಾತ್ರ ನಾನಿನ್ನೂ ‘ಮ್ಯಾಥ್ಸ್ ಸಾರ್’. ಫೀಸು ಇಲ್ಲ, ಬ್ಯಾಚು ಇಲ್ಲ. ವರಾಂಡದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಟ್ಟು ಬಿಳಿ ಹಾಳೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ಬಂದಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಒಳ್ಳೆಯ ಅಂಕ, ಆಮೇಲೆ ಸೈನ್ಸ್.

“ಸಾರ್, ಡಿರೈವೇಟಿವ್ ಬರ್ತಿಲ್ಲ.”

“ಯಾವ ಲೆಕ್ಕ ಬರ್ತಿಲ್ಲಮ್ಮ?”

“ಎಲ್ಲಾನೂ ಸಾರ್.”

ನೋಟ್‌ಬುಕ್ ತೆರೆದೆ. ಮುತ್ತು ಪೋಣಿಸಿದಂಥ ಅಕ್ಷರ. ಪ್ರಶ್ನೆ ಬರೆದು ಕೆಳಗೆ ಅಡ್ಡಗೆರೆ ಎಳೆದಿದ್ದಳು, ಅದರ ಕೆಳಗೆ ಏನೂ ಇಲ್ಲ. ಮುಂದಿನ ಪುಟವೂ ಹಾಗೆಯೇ. “ಪ್ರಯತ್ನ ಮಾಡಿದ್ದು ಎಲ್ಲಿ?” ಎಂದೆ. ತಲೆ ತಗ್ಗಿಸಿದಳು. “ರಫ್‌ನಲ್ಲಿ ಮಾಡಿದ್ದೆ ಸಾರ್. ತಪ್ಪಾಗಿತ್ತು, ಹರಿದು ಹಾಕ್ಬಿಟ್ಟೆ.”

ಆ ಹರಿದ ಹಾಳೆಯೇ ನನಗೆ ಬೇಕಾಗಿದ್ದದ್ದು. ಡಾಕ್ಟರ ಹತ್ತಿರ ಹೋಗುವಾಗ ಜ್ವರವನ್ನು ಮನೆಯಲ್ಲಿ ಬಿಟ್ಟು ಹೋಗಲಾದೀತೆ? ಬಿಳಿ ಹಾಳೆ ಕೊಟ್ಟು, ಎಲ್ಲಕ್ಕಿಂತ ಸಣ್ಣ ಲೆಕ್ಕವನ್ನೇ ಮಾಡಲು ಹೇಳಿದೆ: ಎಕ್ಸ್ ವರ್ಗದ ಡಿರೈವೇಟಿವ್, ಫಸ್ಟ್ ಪ್ರಿನ್ಸಿಪಲ್‌ನಿಂದ. ಎಕ್ಸ್ ಇದ್ದಲ್ಲಿ ‘ಎಕ್ಸ್ ಪ್ಲಸ್ ಎಚ್’ ಹಾಕು, ಮೊದಲಿನದನ್ನು ಕಳೆ, ಎಚ್‌ನಿಂದ ಭಾಗಿಸು, ಕೊನೆಗೆ ಎಚ್ ಸೊನ್ನೆಯತ್ತ ಸಾಗಲಿ. ಕ್ರಮ ಅವಳಿಗೆ ಬಾಯಿಪಾಠವಾಗಿತ್ತು. ಎರಡನೆಯ ಸಾಲಿನಲ್ಲಿ ‘ಎಕ್ಸ್ ಪ್ಲಸ್ ಎಚ್’ ಇದರ ವರ್ಗವನ್ನು ಬಿಡಿಸಿ ‘ಎಕ್ಸ್ ವರ್ಗ ಪ್ಲಸ್ ಎಚ್ ವರ್ಗ’ ಎಂದು ಬರೆದಳು. ಕಳೆದಾಗ ಎಚ್ ವರ್ಗ ಉಳಿಯಿತು, ಭಾಗಿಸಿದಾಗ ಎಚ್ ಉಳಿಯಿತು, ಮಿತಿ ತೆಗೆದುಕೊಂಡಾಗ ಸೊನ್ನೆ. ಪುಸ್ತಕದ ಉತ್ತರ 2ಎಕ್ಸ್. ಹೀಗೆ ಸೊನ್ನೆ ಬಂದಾಗಲೆಲ್ಲ ಅವಳು ಹಾಳೆ ಹರಿದಿದ್ದಳು. ಕ್ಯಾಲ್ಕುಲಸ್ ತನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಎಂದು ಒಳಗೊಳಗೇ ತೀರ್ಮಾನಿಸಿಯೂ ಬಿಟ್ಟಿದ್ದಳು.

“3 ಪ್ಲಸ್ 1, ಅದರ ವರ್ಗ ಎಷ್ಟು?”

“ಹದಿನಾರು.”

“3ರ ವರ್ಗಕ್ಕೆ 1ರ ವರ್ಗ ಕೂಡಿಸಿದರೆ?”

“ಹತ್ತು...”

ಅರ್ಧ ನಿಮಿಷ ಸುಮ್ಮನಿದ್ದಳು. ಆಮೇಲೆ ನಾನು ಹೇಳದೆಯೇ ಪೆನ್ನು ಎತ್ತಿಕೊಂಡು ನಡುವೆ ‘2ಎಕ್ಸ್‌ಎಚ್’ ಸೇರಿಸಿದಳು. ಮುಂದಿನ ನಾಲ್ಕು ಸಾಲು ನೀರು ಇಳಿದ ಹಾಗೆ ಇಳಿದವು. ಅವಳ ತೊಡಕು ಪಿಯುಸಿಯದಲ್ಲ, ಹೈಸ್ಕೂಲಿನ ಬೀಜಗಣಿತದ್ದು. ಕ್ಯಾಲ್ಕುಲಸ್ಸಿನ ಮೇಲೆ ಅವಳು ಹೊರಿಸಿದ್ದ ಅಪವಾದ ಸುಳ್ಳಾಗಿತ್ತು.

ಇಷ್ಟು ವರ್ಷ ಸಾವಿರಾರು ಉತ್ತರ ಪತ್ರಿಕೆ ನೋಡಿದ ಮೇಲೆ ನಾನು ಗಟ್ಟಿಯಾಗಿ ಹೇಳಬಲ್ಲ ಒಂದು ಮಾತಿದೆ. ‘ಡಿರೈವೇಟಿವ್ ಬರ್ತಿಲ್ಲ’ ಎಂದು ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಡಿರೈವೇಟಿವ್ ಬರುತ್ತದೆ. ಅದರ ಹಿಂದಿನದೋ ಪಕ್ಕದ್ದೋ ಒಂದು ಬಂದಿರುವುದಿಲ್ಲ. ಭಿನ್ನರಾಶಿ, ಘಾತಾಂಕ, ಆವರಣ ಚಿಹ್ನೆ, ಇಲ್ಲವೇ ಪ್ರಶ್ನೆಯ ಇಂಗ್ಲಿಷು. ಸಹಾಯ ಮಾಡುವವರ ಮೊದಲ ಕೆಲಸ ಉತ್ತರ ಕೊಡುವುದಲ್ಲ, ಆ ಒಂದು ಸಾಲನ್ನು ಹುಡುಕುವುದು. ಮೇಷ್ಟ್ರಾದ ಮೊದಲ ವರ್ಷಗಳಲ್ಲಿ ಇದು ನನಗೂ ತಿಳಿದಿರಲಿಲ್ಲ. ಮಕ್ಕಳು ಕೇಳಿದ ಕೂಡಲೇ ಬೋರ್ಡಿನ ತುಂಬ ಚಂದವಾಗಿ ಬಿಡಿಸಿ ತೋರಿಸುತ್ತಿದ್ದೆ. ಅವರು ‘ಅರ್ಥ ಆಯ್ತು ಸಾರ್’ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಅದೇ ತಪ್ಪು ಅದೇ ಸಾಲಿನಲ್ಲಿ ನನಗಾಗಿ ಕಾದು ಕೂತಿರುತ್ತಿತ್ತು.

ಆ ಹುಡುಗಿಗೆ ಇನ್ನೊಂದು ಸಂದೇಹವಿತ್ತು, ಕೇಳಲು ಎರಡು ದಿನ ಹಿಂಜರಿದಳು. “ಎಚ್ ಸೊನ್ನೆ ಆಗತ್ತೆ ಅಂತೀರಿ. ಸೊನ್ನೆಯಿಂದ ಭಾಗಿಸಬಾರದು ಅಂತಾನೂ ಅಂತೀರಿ.” ತರಗತಿಯಲ್ಲಿ ಹೀಗೆ ಕೇಳಿದ ಮಗುವನ್ನು ಗದರಿ ಕೂರಿಸಿದ ಮೇಷ್ಟ್ರುಗಳಿದ್ದಾರೆ. ಆದರೆ 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ‘ದಿ ಅನಲಿಸ್ಟ್’ ಎಂಬ ಪುಸ್ತಕ ಬರೆದು ನ್ಯೂಟನ್ನನ ಅನುಯಾಯಿಗಳಿಗೆ ಕೇಳಿದ್ದು ಇದೇ ಪ್ರಶ್ನೆ. ನ್ಯೂಟನ್ ಈ ವಿದ್ಯೆಗೆ ಕೈಹಾಕಿದ್ದು 1665-66ರಲ್ಲಿ, ಪ್ಲೇಗಿಗೆ ಹೆದರಿ ಕೇಂಬ್ರಿಜ್ ಮುಚ್ಚಿದ್ದಾಗ. ಲಿಮಿಟ್ ಎಂಬ ಮಾತಿಗೆ ಫ್ರಾನ್ಸಿನ ಕೋಶಿ ಭದ್ರವಾದ ಬುನಾದಿ ಕಟ್ಟತೊಡಗಿದ್ದು 1821ರ ಪಠ್ಯಪುಸ್ತಕದಲ್ಲಿ. ಒಂದೂವರೆ ಶತಮಾನ ದೊಡ್ಡ ದೊಡ್ಡ ತಲೆಗಳು ತಡಕಾಡಿದ ಜಾಗವನ್ನು ನಮ್ಮ ಮಕ್ಕಳು ಕೆಲವೇ ಪೀರಿಯಡ್ಡುಗಳಲ್ಲಿ ದಾಟಬೇಕು. ಅಲ್ಲಿ ಕಾಲು ತಡವರಿಸಿದರೆ ಅದು ದಡ್ಡತನವಲ್ಲ.

ನಾನು ಅವಳಿಗೆ ತುಮಕೂರು-ಬೆಂಗಳೂರು ಬಸ್ಸಿನ ಕಥೆ ಹೇಳಿದೆ. ಸುಮಾರು 70 ಕಿಲೋಮೀಟರ್, ಎರಡು ಗಂಟೆ; ಸರಾಸರಿ ಗಂಟೆಗೆ 35. ಆದರೆ ದಾಬಸ್‌ಪೇಟೆ ದಾಟುವಾಗ ಡ್ರೈವರ್ ಮುಂದಿನ ಮುಳ್ಳು 60 ತೋರಿಸುತ್ತಿರುತ್ತದೆ. ಆ 60 ಯಾವ ಎರಡು ಗಂಟೆಯದು? ಯಾವ ಗಂಟೆಯದೂ ಅಲ್ಲ, ಆ ಗಳಿಗೆಯದು. ಗಳಿಗೆಯ ವೇಗ ಹಿಡಿಯಬೇಕಾದರೆ ಸಣ್ಣ ಹೊತ್ತಿನ ಸರಾಸರಿ ತೆಗೆದು, ಹೊತ್ತನ್ನು ಇನ್ನೂ ಕುಗ್ಗಿಸುತ್ತಾ ಹೋಗಬೇಕು. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ವಿಷಯದಲ್ಲಿ ಇದನ್ನೇ ‘ತಾತ್ಕಾಲಿಕ ಗತಿ’ ಎಂದು ಕರೆದರು. ತಾತ್ಕಾಲಿಕ ಎಂದರೆ ಇವತ್ತು ನಮಗೆ ಕೆಲವು ದಿನ ಇದ್ದು ಹೋಗುವ ನೌಕರಿ. ಅವರಿಗೆ ಅದು ‘ಆ ಹೊತ್ತಿನದು’. ಜ್ಯಾ ಬದಲಾಗುವ ದರ ಕೋಟಿಜ್ಯಾಕ್ಕೆ ಅನುಪಾತದಲ್ಲಿದೆ ಎಂಬುದನ್ನೂ ಅವರು ಕಂಡಿದ್ದರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ, ಸೈನ್‌ನ ಡಿರೈವೇಟಿವ್ ಕೊಸೈನ್.

ಆಮೇಲೆ ಕ್ಯಾಲ್ಕುಲೇಟರ್ ಕೊಟ್ಟೆ. 3.1ರ ವರ್ಗದಿಂದ 9 ಕಳೆದು 0.1ರಿಂದ ಭಾಗಿಸು: 6.1. 3.01 ಹಾಕು: 6.01. 3.001 ಹಾಕು: 6.001. ನಾಲ್ಕನೆಯದನ್ನು ನಾನು ಹೇಳುವ ಮೊದಲೇ ಅವಳು ಹೇಳಿದಳು. ಎಚ್ ಎಲ್ಲಿಯೂ ಸೊನ್ನೆಯಾಗಿಲ್ಲ, ಸೊನ್ನೆಯ ಕಡೆ ನಡೆಯುತ್ತಿದೆ ಅಷ್ಟೆ. ಉತ್ತರ ಎತ್ತ ಹೊರಟಿದೆ ಎಂಬುದು ಕಣ್ಣಿಗೆ ಕಾಣುತ್ತಿದೆ. ಸೂತ್ರಕ್ಕೆ ಮೊದಲು ಈ ನಾಲ್ಕು ಅಂಕಿಗಳನ್ನು ಎಲ್ಲ ಮಕ್ಕಳ ಕೈಯಲ್ಲೂ ಮಾಡಿಸಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಪ್ರಾಡಕ್ಟ್ ರೂಲಿನ ಹತ್ತಿರ ತಪ್ಪುವ ಮಕ್ಕಳಿಗೆ ನಾನು ಒಂದು ಗೌರವದ ಸುದ್ದಿ ಹೇಳುತ್ತೇನೆ. ಎರಡು ಫಂಕ್ಷನ್ನುಗಳ ಗುಣಲಬ್ಧದ ಡಿರೈವೇಟಿವ್ ಎಂದರೆ ಎರಡರ ಡಿರೈವೇಟಿವ್‌ಗಳ ಗುಣಲಬ್ಧವಿರಬಹುದೇ ಎಂಬ ಪ್ರಶ್ನೆಯನ್ನು ಲೈಬ್ನಿಟ್ಸ್ ಕೂಡ ಎದುರಿಸಿದ. 1675ರ ನವೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ, 29ರ ವಯಸ್ಸಿನಲ್ಲಿ. ಕಾಗದದ ಮೇಲೆ ಪರೀಕ್ಷಿಸಿ ನೋಡಿ, ಹಾಗಲ್ಲ ಎಂದು ಕಂಡುಕೊಂಡ. ಅದೇ ತಿಂಗಳು ಮುಗಿಯುವುದರೊಳಗೆ ಸರಿಯಾದ ನಿಯಮ ಅವನ ಹಾಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ಕಥೆ ನಮಗೆ ಹೇಗೆ ಗೊತ್ತು? ಅವನು ರಫ್ ಹಾಳೆಗಳನ್ನು ಹರಿಯಲಿಲ್ಲ. ಜರ್ಮನಿಯ ಹ್ಯಾನೋವರಿನ ಗ್ರಂಥಾಲಯದಲ್ಲಿ ಅವು ಇಂದಿಗೂ ಇವೆ.

ನಿಯಮ ಹಾಗೇಕೆ ಎನ್ನುವುದಕ್ಕೆ ನನ್ನ ಬಳಿ ಇರುವುದು 30-40ರ ಸೈಟು. ನಮ್ಮ ಊರುಗಳಲ್ಲಿ ಈ ಅಳತೆ ಗೊತ್ತಿಲ್ಲದ ಮನೆಯಿಲ್ಲ. ವಿಸ್ತೀರ್ಣ 1200 ಚದರಡಿ. ಎರಡೂ ಬದಿ ಒಂದೊಂದು ಅಡಿ ಬೆಳೆದರೆ 31 ಇಂಟು 41, ಅಂದರೆ 1271. ಹೆಚ್ಚಾದ 71 ಎಲ್ಲಿಂದ ಬಂತು? ಒಂದು ಬದಿಗೆ 40 ಅಡಿಯ ಪಟ್ಟಿ, ಇನ್ನೊಂದು ಬದಿಗೆ 30 ಅಡಿಯ ಪಟ್ಟಿ, ಮೂಲೆಯಲ್ಲಿ 1 ಚದರಡಿಯ ತುಣುಕು. ಈಗ ಒಂದು ಅಡಿಯ ಬದಲು ಅಡಿಯ ಹತ್ತನೇ ಒಂದು ಭಾಗ ಬೆಳೆಸೋಣ. ಹೆಚ್ಚುವರಿ 7.01: ಪಟ್ಟಿಗಳು 4 ಮತ್ತು 3, ಮೂಲೆ ಬರೀ 0.01. ಬೆಳವಣಿಗೆ ಸಣ್ಣದಾದಷ್ಟೂ ಮೂಲೆ ಲೆಕ್ಕಕ್ಕಿಲ್ಲದಂತೆ ಕರಗುತ್ತದೆ, ಎರಡು ಪಟ್ಟಿ ಉಳಿಯುತ್ತವೆ. ‘ಮೊದಲನೆಯದು ಹಾಗೇ, ಎರಡನೆಯದರ ಡಿರೈವೇಟಿವ್, ಎರಡನೆಯದು ಹಾಗೇ, ಮೊದಲನೆಯದರ ಡಿರೈವೇಟಿವ್’ ಎಂದು ಮಕ್ಕಳು ಜಪಿಸುವ ಸೂತ್ರವೆಂದರೆ ಈ ಎರಡು ಪಟ್ಟಿಗಳೇ. ಎರಡೂ ಡಿರೈವೇಟಿವ್ ಗುಣಿಸಿ ಕೂತ ಹುಡುಗ ಏನು ಮಾಡಿದ್ದಾನೆ? ಮೂಲೆಯ ತುಣುಕನ್ನು ಮಾತ್ರ ಎಣಿಸಿ, ಪಟ್ಟಿಗಳೆರಡನ್ನೂ ಬಿಟ್ಟುಕೊಟ್ಟಿದ್ದಾನೆ. ಸೈಟಿನ ವಿಷಯದಲ್ಲಿ ಯಾರೂ ಹಾಗೆ ಬಿಟ್ಟುಕೊಡುವುದಿಲ್ಲವಲ್ಲ!

ಇನ್ನು ಚೈನ್ ರೂಲ್. ಅತಿ ಹೆಚ್ಚು ಮಕ್ಕಳು ನನ್ನ ವರಾಂಡಕ್ಕೆ ಬರುವುದು ಇದಕ್ಕೇ. ಕಷ್ಟದ ಅರ್ಧ ಪಾಲು ಬಾಯಲ್ಲೇ ಇದೆ. ‘ಸೈನ್ ಎಕ್ಸ್ ಸ್ಕ್ವೇರ್’ ಎಂದು ನಾವು ಉಚ್ಚರಿಸುತ್ತೇವೆ. ಎಕ್ಸನ್ನು ಮೊದಲು ವರ್ಗ ಮಾಡಿ ಸೈನ್ ತೆಗೆದದ್ದೋ, ಸೈನ್ ತೆಗೆದು ವರ್ಗ ಮಾಡಿದ್ದೋ? ಕೇಳುವ ಮಗುವಿಗೆ ಎರಡೂ ಒಂದೇ ಸದ್ದು. ಬೋರ್ಡಿನ ಕಡೆ ನೋಡದೆ ನೋಟ್ಸ್ ಬರೆದುಕೊಂಡವರ ಗತಿ ಕೇಳಲೇಬೇಡಿ.

ಒಂದು ಸಂಜೆ, ಇದೇ ತೊಡಕಿನಲ್ಲಿ ಕೂತಿದ್ದ ಹುಡುಗನಿಗೆ, “ಇದನ್ನ ಕನ್ನಡದಲ್ಲಿ ಹೇಳಪ್ಪ” ಎಂದೆ. ಯೋಚಿಸಿ ಹೇಳಿದ: “ಎಕ್ಸ್‌ನ ವರ್ಗದ ಸೈನ್.” ಇನ್ನೊಂದನ್ನು ಹೇಳು ಎಂದೆ. “ಎಕ್ಸ್‌ನ ಸೈನ್‌ನ ವರ್ಗ.” ಹೇಳಿ ಮುಗಿಸುವಷ್ಟರಲ್ಲಿ ಇಬ್ಬರಿಗೂ ಒಟ್ಟಿಗೇ ಕಂಡಿತು. ನಮ್ಮ ಷಷ್ಠಿ ವಿಭಕ್ತಿ ಒಳಗಿನಿಂದ ಹೊರಕ್ಕೆ ಕಟ್ಟುತ್ತಾ ಹೋಗುತ್ತದೆ, ಕೊನೆಗೆ ಮಾಡಿದ ಕೆಲಸ ಕೊನೆಯ ಪದವಾಗಿ ನಿಲ್ಲುತ್ತದೆ. ‘ಮಾವನ ಮಗಳ ಗಂಡ’ ಎಂದರೆ ಯಾರ ಬಗ್ಗೆ ಮಾತು? ಗಂಡನ ಬಗ್ಗೆ. ಅದನ್ನು ‘ಗಂಡನ ಮಗಳ ಮಾವ’ ಎಂದು ಗಲಿಬಿಲಿ ಮಾಡಿಕೊಳ್ಳುವ ಕನ್ನಡದ ಮಗುವನ್ನು ನಾನು ಕಂಡಿಲ್ಲ. ಹಾಗಾದರೆ ಡಿರೈವೇಟಿವ್ ತೆಗೆಯುವಾಗ ಕೊನೆಯ ಪದದಿಂದ ಶುರು ಮಾಡು. ‘ಎಕ್ಸ್‌ನ ವರ್ಗದ ಸೈನ್’: ಕೊನೆಯದು ಸೈನ್, ಅದು ಕೊಸೈನ್ ಆಯಿತು, ಒಳಗಿನದು ಹಾಗೇ ಇರಲಿ, ಈಗ ಅದನ್ನು ‘ಎಕ್ಸ್‌ನ ವರ್ಗ’ದ ಡಿರೈವೇಟಿವ್ ಆದ 2ಎಕ್ಸ್‌ನಿಂದ ಗುಣಿಸು. ‘ಎಕ್ಸ್‌ನ ಸೈನ್‌ನ ವರ್ಗ’: ಕೊನೆಯದು ವರ್ಗ, ಆದ್ದರಿಂದ ಎರಡು ಸಲ ಎಕ್ಸ್‌ನ ಸೈನ್, ಅದನ್ನು ಎಕ್ಸ್‌ನ ಕೊಸೈನ್‌ನಿಂದ ಗುಣಿಸು. ಆ ಹುಡುಗ ಮೂರು ಪದರದ ಲೆಕ್ಕಗಳನ್ನೂ ಹೀಗೆ ಬಾಯಲ್ಲಿ ಹೇಳಿಕೊಂಡು ಬಿಡಿಸಿದ. ಇಷ್ಟು ವರ್ಷ ಪಾಠ ಮಾಡಿದ ನನಗೆ ಅವತ್ತಿನವರೆಗೆ ಇದು ಹೊಳೆದಿರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದದ್ದು ಕ್ಯಾಲ್ಕುಲಸ್ಸಿಗೆ ಅಡ್ಡಿ ಎಂದು ಯಾರಾದರೂ ಹೇಳಿದಾಗ ನಾನು ಈಗ ಆ ಹುಡುಗನನ್ನು ನೆನೆಯುತ್ತೇನೆ.

ಗುಣಿಸುವುದು ಯಾಕೆ, ಕೂಡಿಸಬಾರದೇ? ಅದಕ್ಕೆ ಅವನ ಸೈಕಲ್ಲೇ ಗೇಟಿನ ಹತ್ತಿರ ನಿಂತಿತ್ತು. ಪೆಡಲಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16 ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಮೂರು ಸುತ್ತು. ಗಾಲಿ ಒಂದು ಸುತ್ತಿಗೆ ಎರಡು ಮೀಟರ್ ಮುಂದೆ ಹೋದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ ಆರು ಮೀಟರ್ ಹೋಗುತ್ತದೆ. ಮೂರು ಎರಡಲ ಆರು. ಮೂರು ಎರಡು ಕೂಡಿಸಿ ಐದು ಎನ್ನುವವರಿಲ್ಲ. ಒಂದು ದರ ಇನ್ನೊಂದನ್ನು ಓಡಿಸುವಾಗ ದರಗಳು ಗುಣಿಸಿಕೊಳ್ಳುತ್ತವೆ.

ಸಣ್ಣ ಪುಟ್ಟವು ಇನ್ನೂ ಇವೆ. 2ರ ಎಕ್ಸನೇ ಘಾತಕ್ಕೆ ಎಕ್ಸ್ ವರ್ಗದ ನಿಯಮವನ್ನೇ ಹಚ್ಚುವುದು, ಕೋನವನ್ನು ಡಿಗ್ರಿಯಲ್ಲಿಟ್ಟುಕೊಂಡು ಸೈನ್‌ನ ಡಿರೈವೇಟಿವ್ ನೇರ ಕೊಸೈನ್ ಎಂದು ಬರೆಯುವುದು. ತೋರಿಸಿದರೆ ಒಂದೇ ಸಲಕ್ಕೆ ತಿದ್ದಿಕೊಳ್ಳುತ್ತಾರೆ.

ತಿದ್ದಲು ಹೊತ್ತು ಬೇಕಾಗುವುದು ಮಾತಿನ ಲೆಕ್ಕಗಳಿಗೆ. ಗೋಡೆಗೆ ಒರಗಿದ 5 ಮೀಟರಿನ ಏಣಿ. ಬುಡ ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ ಗೋಡೆಯಿಂದ ದೂರ ಸರಿಯುತ್ತಿದೆ. ಬುಡ ಗೋಡೆಯಿಂದ 4 ಮೀಟರ್ ದೂರದಲ್ಲಿದ್ದಾಗ ತುದಿ ಎಷ್ಟು ವೇಗದಲ್ಲಿ ಇಳಿಯುತ್ತಿದೆ? ಒಬ್ಬ ಹುಡುಗ ಮೊದಲ ಸಾಲಿನಲ್ಲೇ ಎಕ್ಸ್ ಇದ್ದಲ್ಲಿ 4 ಹಾಕಿದ. ಪೈಥಾಗೊರಸ್‌ನಿಂದ ಎತ್ತರ 3 ಬಂತು. ಎಲ್ಲವೂ ಅಂಕಿಯಾಗಿ ಗಟ್ಟಿಯಾದ ಮೇಲೆ ಡಿರೈವೇಟಿವ್ ತೆಗೆದರೆ ಸೊನ್ನೆಯೇ. ಅವನ ಏಣಿ ಜಾರಲೇ ಇಲ್ಲ.

ಪ್ರಶ್ನೆಯ ಇಂಗ್ಲಿಷ್ ‘ವೆನ್’ ಅವನಿಗೆ ‘4 ಮೀಟರ್ ದೂರದಲ್ಲಿ ಇರುವಾಗ’ ಎಂದು ಕೇಳಿಸಿತ್ತು, ಏಣಿ ಅಲ್ಲೇ ನಿಂತಿದೆ ಎಂಬಂತೆ. “ಜಾರುತ್ತಾ ಜಾರುತ್ತಾ 4 ಮೀಟರಿಗೆ ಬಂದ ಗಳಿಗೆಯಲ್ಲಿ” ಎಂದು ನಾನು ಬದಲಿಸಿ ಹೇಳಿದ ಕೂಡಲೇ ಅವನೇ 4ನ್ನು ಹೊಡೆದು ಎಕ್ಸ್ ಬರೆದ. ಮೊದಲು ಜಾರಲಿ, ಆಮೇಲೆ ಆ ಗಳಿಗೆಯಲ್ಲಿ ಹಿಡಿ. ಉತ್ತರ ಸೆಕೆಂಡಿಗೆ 8/3 ಸೆಂಟಿಮೀಟರ್. ಬುಡ 3 ಮೀಟರಿನಲ್ಲಿದ್ದ ಗಳಿಗೆಗೂ ಲೆಕ್ಕ ಹಾಕು ಎಂದೆ, 1.5 ಬಂತು. “ಸಾರ್, ಬುಡ ಒಂದೇ ವೇಗದಲ್ಲಿ ಹೋಗ್ತಿದ್ರೂ ತುದಿ ಜೋರಾಗ್ತಾ ಹೋಗತ್ತೆ!” ಎಂದು ಅವನು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಪಿಯು ವಿಜ್ಞಾನದ ಪಾಠ ಬಹುತೇಕ ಇಂಗ್ಲಿಷಿನಲ್ಲೇ ನಡೆಯಲಿ, ಬೇಡ ಎನ್ನುವುದಿಲ್ಲ. ಆದರೆ ಲೆಕ್ಕವನ್ನು ಒಮ್ಮೆ ಕನ್ನಡದಲ್ಲಿ ಹೇಳಿಸಿ ಕೇಳುವ ಎರಡು ನಿಮಿಷವನ್ನು ನಮ್ಮ ತರಗತಿಗಳು ಉಳಿಸಿಕೊಳ್ಳಲೇಬೇಕು. ಕೇರಳದ ಜ್ಯೇಷ್ಠದೇವ ಹದಿನಾರನೇ ಶತಮಾನದಲ್ಲಿ ‘ಯುಕ್ತಿಭಾಷಾ’ ಎಂಬ ಗಣಿತ ಗ್ರಂಥ ಬರೆದದ್ದು ಮಲಯಾಳದಲ್ಲಿ. ಇಟಲಿಯ ಮರಿಯಾ ಆನ್ಯೇಸಿ 1748ರಲ್ಲಿ ಕ್ಯಾಲ್ಕುಲಸ್ಸಿನ ದೊಡ್ಡ ಪಠ್ಯ ಬರೆದದ್ದು ಲ್ಯಾಟಿನ್ ಬಿಟ್ಟು ಇಟಾಲಿಯನ್ನಿನಲ್ಲಿ. ವಿದ್ಯೆ ಮಕ್ಕಳಿಗೆ ದಾಟಬೇಕು ಎಂದುಕೊಂಡವರು ಮನೆಯ ಮಾತನ್ನು ಹಿಡಿದಿದ್ದಾರೆ.

ದುಡ್ಡು ಕೊಟ್ಟು ಸಹಾಯ ಪಡೆಯುವುದು ಹೊಸತಲ್ಲ. ಕ್ಯಾಲ್ಕುಲಸ್ಸಿನ ಮೊದಲ ಪಠ್ಯಪುಸ್ತಕ ಬಂದದ್ದು 1696ರಲ್ಲಿ, ಫ್ರಾನ್ಸಿನ ಲೋಪಿಟಾಲ್ ಎಂಬ ಮಾರ್ಕ್ವಿಸ್ ಬರೆದದ್ದು. ಅವನಿಗೆ ಪಾಠ ಹೇಳಿದವನು ಅವನಿಗಿಂತ ಚಿಕ್ಕವನಾದ ಯೋಹಾನ್ ಬರ್ನೂಲಿ. ಮೊದಲು ಎದುರು ಕೂತು, ಆಮೇಲೆ ಪತ್ರದಲ್ಲಿ, ವರ್ಷಕ್ಕೆ 300 ಲೀವ್ರ್ ಸಂಭಾವನೆಗೆ. ಇಂದಿನ ಟ್ಯೂಷನ್ನಿಗೆ ಅಷ್ಟು ಬಿಡುವಿಲ್ಲ. ಸಿಇಟಿಯ ಗಣಿತಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಪ್ರಶ್ನೆಗೆ 80 ಸೆಕೆಂಡು. ಹಾಗಾಗಿ ಕೋಚಿಂಗ್‌ನಲ್ಲಿ ಶಾರ್ಟ್‌ಕಟ್ ಮೊದಲು ಬರುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ಅವರನ್ನು ನಾನು ದೂರುವುದಿಲ್ಲ, ಪರೀಕ್ಷೆ ಇರುವುದೇ ಹಾಗೆ. ಆದರೆ ಅರ್ಥವಾದ ಮೇಲಿನ ಶಾರ್ಟ್‌ಕಟ್ ಮಾತ್ರ ಪರೀಕ್ಷೆಯ ಹಾಲಿನಲ್ಲಿ ಕೈಹಿಡಿಯುತ್ತದೆ.

ಈಗ ಫೋನಿನಲ್ಲಿ ಪ್ರಶ್ನೆಯ ಫೋಟೊ ಹಿಡಿದರೆ ಉತ್ತರ ಹಂತ ಹಂತವಾಗಿ ಬಂದು ನಿಲ್ಲುತ್ತದೆ. ನಾನೂ ನೋಡಿದ್ದೇನೆ, ಬಹಳ ಸಲ ಸರಿಯಾಗಿಯೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಕೇಳಲು ಯಾರೂ ಇಲ್ಲದ ಹಳ್ಳಿಯ ಮಗುವಿಗೆ ಅದು ದೊಡ್ಡ ಆಸರೆ, ಅದನ್ನು ಕಸಿಯಬಾರದು. ಆದರೆ ಪ್ರಶ್ನೆಯ ಫೋಟೊ ಮಾತ್ರ ಹಿಡಿದರೆ ಬರುವುದು ಫೋನಿನ ದಾರಿ. ಅದನ್ನು ನೋಡಿ ‘ಓ, ಹೀಗಾ’ ಎನ್ನುವುದಕ್ಕೂ ತಾನೇ ಬಿಡಿಸುವುದಕ್ಕೂ ನಡುವೆ ದೊಡ್ಡ ಹೊಳೆಯಿದೆ. ನೀನು ಬಿಡಿಸಿದ ನಾಲ್ಕು ಸಾಲು ತೋರಿಸಿ ‘ಯಾವ ಸಾಲು ತಪ್ಪು’ ಎಂದು ಕೇಳು, ಫೋನನ್ನಾದರೂ ಸರಿ, ಗೆಳೆಯನನ್ನಾದರೂ ಸರಿ. ಉತ್ತರ ನೋಡಿದ ಮೇಲೆ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಖಾಲಿ ಹಾಳೆಯಲ್ಲಿ ಮತ್ತೊಮ್ಮೆ ಮಾಡು. ಆಗ ಬಂದರೆ ಅದು ನಿನ್ನದು.

ಸಹೋದ್ಯೋಗಿಗಳಿಗೂ ಒಂದು ಮಾತು ಹೇಳಬೇಕು. ‘ಇಷ್ಟೂ ಬರಲ್ವಾ’ ಎಂಬ ಎರಡು ಪದ ನಮ್ಮ ಬಾಯಿಂದ ಸುಲಭವಾಗಿ ಬಂದುಬಿಡುತ್ತವೆ. ಆ ಹುಡುಗಿ ಹಾಳೆ ಹರಿಯಲು ಕಲಿತದ್ದು ಎಲ್ಲಿಂದ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆ ಎರಡು ಪದವನ್ನು ನಾನೂ ಆಡಿದ್ದೇನೆ, ಎಷ್ಟು ಮಕ್ಕಳು ಅದರಿಂದ ಮತ್ತೆ ಕೈಯೆತ್ತಲಿಲ್ಲವೋ ಎಂಬ ನೋವು ಈಗಲೂ ಇದೆ. ತಪ್ಪು ಉತ್ತರ ಬಂದಾಗ ‘ಇದು ಹೇಗೆ ಬಂತು, ಹೇಳು’ ಎಂದರೆ ಸಾಕು. ಹೇಳುತ್ತಾ ಹೇಳುತ್ತಾ ಅರ್ಧಕ್ಕರ್ಧ ಮಕ್ಕಳು ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ.

ಆ ಹುಡುಗಿ ಈಗಲೂ ಬರುತ್ತಾಳೆ. ಮೊನ್ನೆ ಬಂದಾಗ ನೋಟ್‌ಬುಕ್ಕಿನ ಜೊತೆ ಕ್ಲಿಪ್ಪು ಹಾಕಿದ ಒಂದು ಕಟ್ಟು ಹಳೇ ಹಾಳೆಗಳಿದ್ದವು, ಕೆಲವು ಅವಳ ತಂದೆಯ ಅಂಗಡಿಯ ಬಿಲ್ಲಿನ ಹಿಂಬದಿ. “ಸಾರ್, ಇದರಲ್ಲಿ ಮೂರನೇ ಸಾಲಿಂದ ಮುಂದೆ ಹೋಗ್ತಿಲ್ಲ” ಎಂದಳು. ಈ ಸಲ ಲೆಕ್ಕ ಮುಗಿಯಲು ಎರಡೇ ನಿಮಿಷ ಹಿಡಿಯಿತು. ಇದನ್ನು ಓದುತ್ತಿರುವ ಪಿಯುಸಿ ಮಕ್ಕಳೇ, ನಾಳೆ ನಿಮ್ಮ ಮೇಷ್ಟ್ರ ಹತ್ತಿರ, ಅಕ್ಕನ ಹತ್ತಿರ, ಪಕ್ಕದ ಬೆಂಚಿನ ಗೆಳತಿಯ ಹತ್ತಿರ ಲೆಕ್ಕ ಕೇಳಲು ಹೋಗುವಾಗ ರಫ್ ಹಾಳೆ ಹರಿಯಬೇಡಿ, ಜೊತೆಗೆ ತೆಗೆದುಕೊಂಡು ಹೋಗಿ.